ಹೊಟ್ಟೆಯೇನು ಸೋಮಾರಿತನದ ಸರ್ಟಿಫಿಕೇಟೇ?

ಹೆಂಗಸಿನ ಹೊಟ್ಟೆಯ ಬಗ್ಗೆ ಮಾತನಾಡುವ ಹಕ್ಕು ಊರಿನಲ್ಲಿ ಎಲ್ಲರಿಗೂ ಇದೆ. ಅತ್ತೆಗಿದೆ, ನಾದಿನಿಗಿದೆ, ರವಿಕೆ ಹೊಲಿಯುವ ಟೇಲರನಿಗಿದೆ. ಹತ್ತು ವರ್ಷದ ಮೇಲೆ ಮದುವೆ ಮನೆಯಲ್ಲಿ ಸಿಕ್ಕ ದೂರದ ಚಿಕ್ಕಮ್ಮನಿಗಂತೂ ಎಲ್ಲರಿಗಿಂತ ಮೊದಲೇ ಇದೆ. "ಏನ್ ಮೇಡಂ, ಇಷ್ಟು ಓಡಾಡ್ತೀರಿ, ಹೊಟ್ಟಿ ಮಾತ್ರ ಹಂಗೇ ಅದಲ್ರೀ!" ಎನ್ನುವ ಮಹನೀಯರು ಸ್ಟಾಫ್ ರೂಮುಗಳಲ್ಲೂ ಇದ್ದಾರೆ. ಹಾಗೆನ್ನುವಾಗ ಅವರ ಹೊಟ್ಟೆ ಮೇಜಿನ ಅಂಚಿಗೆ ತಾಗಿರುತ್ತದೆ. ಆದರೆ ಅದು ಗಂಡಸರ ಹೊಟ್ಟೆ, ಅನುಕೂಲಸ್ಥರ ಲಕ್ಷಣ! ನಮ್ಮದಕ್ಕೆ ಮಾತ್ರ ಒಂದೇ ಹೆಸರು: ಮೈಗಳ್ಳತನ.

ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಇದು ನಮ್ಮನ್ನು ಎರಡು ಕಡೆಯಿಂದ ಹಾಳು ಮಾಡುತ್ತಿದೆ. ದುಡಿದು ಹಣ್ಣಾದವಳಲ್ಲಿ ನಾಚಿಕೆ ಹುಟ್ಟಿಸಿ ಅವಳನ್ನು ಬೆಲ್ಟು, ಪುಡಿಗಳ ವ್ಯಾಪಾರಿಗಳ ಕೈಗೆ ಕೊಡುತ್ತದೆ. ಆ ನಾಚಿಕೆಯಿಂದಲೇ ಅವಳು ಹೊಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಡಾಕ್ಟರರಿಗೆ ತೋರಿಸಬೇಕಾದದ್ದನ್ನೂ ತೋರಿಸದೆ ಉಳಿಯುತ್ತಾಳೆ. ನಾನು ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಸಮಾಜ ಪಾಠ ಹೇಳುವವಳು, ವೈದ್ಯಳಲ್ಲ. ಆದರೆ ಐವತ್ತು ದಾಟಿದ ದೇಹ ನನ್ನದು. ಅದರ ಬಗ್ಗೆ ಓದಿದ್ದೇನೆ, ಬಲ್ಲವರನ್ನು ಕೇಳಿದ್ದೇನೆ. ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಸೋಮಾರಿಗಳು ಯಾರು ನೋಡೋಣ. ಮಾನ್ವಿಯಿಂದ ರಾಯಚೂರಿಗೆ ಬರುವ ಟೀಚರಮ್ಮ ನಾಲ್ಕೂವರೆಗೆ ಏಳುತ್ತಾಳೆ. ನಳದ ನೀರು ಅವಳ ನಿದ್ದೆಯನ್ನು ಕೇಳಿಕೊಂಡು ಬರುವುದಿಲ್ಲ. ನೀರು ತುಂಬಿ, ರೊಟ್ಟಿ ಬಡಿದು, ಮೂರು ಡಬ್ಬಿ ಕಟ್ಟಿ, ಬಸ್ಸಿಗೆ ಓಡುತ್ತಾಳೆ. 2023ರ ಜೂನ್‌ನಲ್ಲಿ ನಮಗೆ ಟಿಕೆಟ್ಟೇನೋ ಉಚಿತವಾಯಿತು. ಸೀಟು ಮಾತ್ರ ಸಿಕ್ಕವರಿಗೆ! ನಿಂತೇ ಬಂದು, ನಿಂತೇ ಪಾಠ ಮಾಡಿ, ನಿಂತೇ ಹೋಗಿ ಮತ್ತೆ ಒಲೆಯ ಮುಂದೆ ನಿಲ್ಲುತ್ತಾಳೆ. ದೇವದುರ್ಗದ ಕಡೆ ಹತ್ತಿ ಬಿಡಿಸುವ ಅಕ್ಕತಂಗಿಯರು ಇಡೀ ದಿನ ಬಗ್ಗಿ ಏಳುತ್ತಾರೆ. ಕೈಕಾಲು ಕಡ್ಡಿಯಂತಿದ್ದರೂ ಹೊಕ್ಕುಳ ಕೆಳಗೆ ಸಣ್ಣ ಗಡಿಗೆಯೊಂದು ಕೂತಿರುವುದನ್ನು ಅವರಲ್ಲೂ ನೋಡಿದ್ದೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸೊಂಟದ ಸುತ್ತಳತೆಯನ್ನೂ ತೆಗೆದುಕೊಂಡರು. ಅದನ್ನು ಲೆಕ್ಕ ಹಾಕಿದವರು ಹೇಳಿದ್ದು, 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಸುಮಾರು 40 ಮಂದಿಯ ಸೊಂಟ ಮಿತಿ ದಾಟಿದೆ ಎಂದು. ಮೂವತ್ತು ದಾಟಿದವರಲ್ಲಿ ಹತ್ತಕ್ಕೆ ಐದಾರು ಮಂದಿ. ಹಾಗಾದರೆ ದೇಶದ ಅರ್ಧ ಗೃಹಿಣಿಯರು ಸೋಮಾರಿಗಳೇ? ಈ ದೇಶದ ಒಲೆ ಹೊತ್ತಿಸುವವರು ಮತ್ತಾರು?

"ಹೊಟ್ಟೆ ಕರಗಲು ಹೊಟ್ಟೆಯ ವ್ಯಾಯಾಮ ಮಾಡಿ" ಎನ್ನುವುದು ಎರಡನೆಯ ಸುಳ್ಳು. ಯಾವ ಅಂಗಕ್ಕೆ ಕೆಲಸ ಕೊಟ್ಟರೆ ಆ ಅಂಗದ ಕೊಬ್ಬೇ ಕರಗುವುದಾಗಿದ್ದರೆ, ಮೂವತ್ತು ವರ್ಷ ರೊಟ್ಟಿ ಬಡಿದ ನಮ್ಮ ಬಲಗೈ ಎಡಗೈಗಿಂತ ಸಣ್ಣಗಿರಬೇಕಿತ್ತಲ್ಲ! 1971ರಲ್ಲಿ ಅಮೆರಿಕದಲ್ಲಿ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದು ನೋಡಿದರು. ಆಡುವ ತೋಳಿನ ಸ್ನಾಯು ದಪ್ಪಗಿತ್ತು. ಚರ್ಮದಡಿಯ ಕೊಬ್ಬು ಎರಡರಲ್ಲೂ ಒಂದೇ. ಸ್ನಾಯುವಿಗೆ ಬೇಕಾದ ಇಂಧನ ರಕ್ತದಿಂದ ಬರುತ್ತದೆ, ರಕ್ತಕ್ಕೆ ಇಡೀ ಮೈಯಿಂದ ಬರುತ್ತದೆ. ಯಾವ ಉಗ್ರಾಣವನ್ನು ಮೊದಲು ತೆರೆಯಬೇಕೆಂಬುದನ್ನು ದೇಹ ನಮ್ಮನ್ನು ಕೇಳಿ ತೀರ್ಮಾನಿಸುವುದಿಲ್ಲ.

ಹೆಣ್ಣಿನ ದೇಹದಲ್ಲಿ ಕೆಳಹೊಟ್ಟೆ, ಸೊಂಟ, ತೊಡೆಗಳ ಚರ್ಮದಡಿಯ ಕೊಬ್ಬು ಬಸಿರು ಬಾಣಂತನದ ಕಾಲಕ್ಕೆಂದು ಕೂಡಿಟ್ಟ ಗಂಟು. ಅಜ್ಜಿ ಬೀರುವಿನಲ್ಲಿಟ್ಟ ದುಡ್ಡಿನಂತೆ ಅದು ಸುಲಭಕ್ಕೆ ಹೊರಗೆ ಬರುವುದಿಲ್ಲ. ಮುಟ್ಟು ನಿಂತ ಮೇಲಂತೂ ಕಥೆಯೇ ಬೇರೆ. ನಮ್ಮ ದೇಶದಲ್ಲಿ ಸರಾಸರಿ 46–47ಕ್ಕೆ ಮುಟ್ಟು ನಿಲ್ಲುತ್ತದೆ. ಈಸ್ಟ್ರೋಜೆನ್ ಇಳಿಯುತ್ತಿದ್ದಂತೆ, ಅದುವರೆಗೆ ತೊಡೆಗೆ ಹೋಗುತ್ತಿದ್ದ ಕೊಬ್ಬು ಹೊಟ್ಟೆಯ ದಾರಿ ಹಿಡಿಯುತ್ತದೆ. ತೂಕ ಒಂದು ಕಿಲೋ ಏರದಿದ್ದರೂ ಲಂಗದ ಲಾಡಿ ಗಿಡ್ಡವಾಗುತ್ತದೆ. ಇನ್ನು ನಮ್ಮ ಭಾಗದಲ್ಲಿ ಬಿಳಿ ಹೋಗುತ್ತದೆಂದರೂ ಗರ್ಭಕೋಶ ತೆಗೆಸಿಬಿಡಿ ಎನ್ನುವ ರೂಢಿಯೊಂದು ಬೆಳೆದಿದೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳು ಇದರ ವಿರುದ್ಧ ಬೀದಿಗಿಳಿದದ್ದು ನೆನಪಿರಬಹುದು. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಮೂವತ್ತೈದರ ಹೆಣ್ಣಿಗೆ ಒಂದೇ ರಾತ್ರಿಯಲ್ಲಿ ಐವತ್ತು ತುಂಬುತ್ತದೆ. ಆಮೇಲೆ ಅವಳ ಹೊಟ್ಟೆ ನೋಡಿ ನಗುವವರು ನಾವೇ!

ಕೊಬ್ಬೇ ಅಲ್ಲದ ಹೊಟ್ಟೆಯೂ ಉಂಟು. ಬಸಿರಿನಲ್ಲಿ ಹೊಟ್ಟೆಯ ನಡುವಿನ ಎರಡು ಸ್ನಾಯುಪಟ್ಟಿಗಳು ಅಗಲುತ್ತವೆ; ಹಲವರಲ್ಲಿ ಅವು ಹೆರಿಗೆಯ ನಂತರ ಪೂರ್ತಿ ಕೂಡುವುದಿಲ್ಲ. ಅಂಗಾತ ಮಲಗಿ, ಮೊಣಕಾಲು ಮಡಚಿ, ತಲೆಯನ್ನಷ್ಟೇ ಎತ್ತಿ, ಹೊಕ್ಕುಳ ಹತ್ತಿರ ಬೆರಳಿಟ್ಟು ನೋಡಿ. ಎರಡು ಬೆರಳಿಗಿಂತ ಹೆಚ್ಚು ಸಂದು ಸಿಕ್ಕರೆ, ಅಥವಾ ನಡುವೆ ದಿಬ್ಬದಂತೆ ಎದ್ದರೆ, ನಿಮಗೆ ಬೇಕಾದದ್ದು ಫಿಸಿಯೋಥೆರಪಿಯವರ ಸಲಹೆ. ಉಸಿರಿನೊಂದಿಗೆ ಕೆಳಹೊಟ್ಟೆಯನ್ನು ಒಳಗೆಳೆದು ಹಿಡಿಯುವ ನಿಧಾನದ ವ್ಯಾಯಾಮಗಳನ್ನು ಅವರು ಹೇಳಿಕೊಡುತ್ತಾರೆ. ಯಾರೋ ಹೇಳಿದರೆಂದು ದಬದಬನೆ ಎದ್ದು ಕೂತು ಮಾಡಿದರೆ ಆ ದಿಬ್ಬ ಇನ್ನಷ್ಟು ಉಬ್ಬಲೂಬಹುದು.

"ಆದರೂ ಇಷ್ಟು ದುಡಿದರೂ ಯಾಕೆ ಕರಗುವುದಿಲ್ಲ?" ಎಂದು ಕೇಳುತ್ತೀರಿ. ಆಫ್ರಿಕಾದ ಟಾಂಜಾನಿಯಾದಲ್ಲಿ ಹಡ್ಜಾ ಎಂಬ ಜನರಿದ್ದಾರೆ. ಗೆಡ್ಡೆ ಅಗೆದು, ಬೇಟೆಯಾಡಿ, ದಿನವಿಡೀ ನಡೆದು ಬದುಕುವವರು. 2012ರಲ್ಲಿ ಅವರನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳಿಗೆ ಕಂಡದ್ದು, ದೇಹದ ಗಾತ್ರಕ್ಕೆ ಹೋಲಿಸಿದರೆ ಅವರು ದಿನಕ್ಕೆ ಖರ್ಚು ಮಾಡುವ ಶಕ್ತಿ ಪಟ್ಟಣದ ಜನರಷ್ಟೇ ಇದೆ ಎಂದು. ದೇಹ ಜಾಣ ಗೃಹಿಣಿಯ ಹಾಗೆ. ಒಂದು ಕಡೆ ಖರ್ಚು ಹೆಚ್ಚಾದರೆ ಇನ್ನೊಂದು ಕಡೆ ಹಿಡಿಯುತ್ತದೆ. ದುಡಿಮೆ ಹೃದಯಕ್ಕೆ, ಮೂಳೆಗೆ, ಸಕ್ಕರೆ ಕಾಯಿಲೆ ತಡೆಯಲಿಕ್ಕೆ ಬೇಕೇ ಬೇಕು. ಆದರೆ ಹೊಟ್ಟೆಯ ಲೆಕ್ಕ ಬಹುಪಾಲು ತಟ್ಟೆಯಲ್ಲಿದೆ.

ತಟ್ಟೆಯ ಮಾತು ಬಂದರೆ ನಮ್ಮ ಜಿಲ್ಲೆಯ ಕಥೆಯನ್ನೇ ಹೇಳಬೇಕು. ಇದು ಜೋಳದ ಸೀಮೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಕಡೆಗೂ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೂ ನೀರು ತಂದವು. ನೀರಿನ ಹಿಂದೆ ಭತ್ತ ಬಂತು. 2013ರ ಅನ್ನಭಾಗ್ಯ ಬಡವರ ಹಸಿವನ್ನು ನೀಗಿಸಿತು, ಅದಕ್ಕೆ ನಮಸ್ಕಾರ. ಆದರೆ ಎರಡು ಹೊತ್ತೂ ಅನ್ನದ ಗುಡ್ಡ, ಮೇಲೆ ನೀರು ಸಾರು ಎಂಬ ಊಟ ನಮ್ಮ ಪಾಲಿಗೆ ಉಳಿಯಿತು. ನಮ್ಮ ಪಾಲಿಗೆ ಎಂದೆ, ಯಾಕೆಂದರೆ ಗಟ್ಟಿ ಬೇಳೆ ಗಂಡಸರಿಗೆ, ಮೊಟ್ಟೆ ಮಕ್ಕಳಿಗೆ, ತಳದ ಸಾರು ನಮಗೆ. ಮಿಕ್ಕ ಅನ್ನ ಚೆಲ್ಲಬಾರದೆಂದು ಅದೂ ನಮಗೇ. ಸ್ಟಾಫ್ ರೂಮಿನ ಚಹಾ ಐದು ಸಲ, ಸಂಜೆ ಒಗ್ಗರಣಿ-ಮಿರ್ಚಿ. ಗುರುವಾರ ರಾಯರ ಹೆಸರಿನಲ್ಲಿ ಒಪ್ಪತ್ತು ಮಾಡಿ ರಾತ್ರಿ ಸಾಬುದಾನಿ ಕಿಚಡಿಯಲ್ಲಿ ಬಡ್ಡಿಸಮೇತ ತೀರಿಸುವವರೂ ಇದ್ದೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದ್ದು, ಧಾನ್ಯಗಳಿಂದ ಬರುವ ಶಕ್ತಿ ಶೇ. 45 ದಾಟಬಾರದೆಂದು. 60 ಕಿಲೋ ತೂಕದವಳಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ. ತಳದ ಸಾರಿನಲ್ಲಿ ಎಷ್ಟು ಸಿಕ್ಕೀತು, ನೀವೇ ಲೆಕ್ಕ ಹಾಕಿ. ಹೀಗೆ ಸ್ನಾಯು ಸವೆಯುತ್ತದೆ, ಹೊಟ್ಟೆ ಬೆಳೆಯುತ್ತದೆ. ಇದು ಸೋಮಾರಿತನವಲ್ಲ, ಪಂಕ್ತಿಭೇದ!

ಈ ಅಜ್ಞಾನದ ಮೇಲೆ ವ್ಯಾಪಾರ ನಡೆಯುತ್ತದೆ. ಬೆವರಿಸುವ ಬೆಲ್ಟು, ಕರಗಿಸುವ ಪುಡಿ, ಏಳು ದಿನದ ಕಷಾಯ. ಬೆಲ್ಟು ಕಟ್ಟಿದರೆ ಇಳಿಯುವುದು ಬೆವರು; ಎರಡು ಲೋಟ ನೀರು ಕುಡಿದರೆ ಅದು ವಾಪಸ್ಸು. ನಲವತ್ತೆರಡು ಡಿಗ್ರಿಯ ರಾಯಚೂರಿನಲ್ಲಿ ಬೆವರುವುದಕ್ಕೂ ದುಡ್ಡು ಕೊಡುವವರುಂಟೇ? ಬೆಲ್ಟು ಕೊಳ್ಳಲಾಗದವರು ಲಂಗದ ಲಾಡಿಯನ್ನೇ ಬಿಗಿಯುತ್ತಾರೆ. ಸೊಂಟದಲ್ಲಿ ಕಪ್ಪು ಗೆರೆ ಬೀಳುತ್ತದೆ, ಚರ್ಮ ಸುಲಿಯುತ್ತದೆ. ಆ ಜಾಗದ ವಾಸಿಯಾಗದ ಹುಣ್ಣು ಕ್ಯಾನ್ಸರಿಗೆ ತಿರುಗಿದ ಇಬ್ಬರು ಭಾರತೀಯ ಮಹಿಳೆಯರ ವಿಷಯವನ್ನು ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಇಂಥದ್ದು ಅಪರೂಪ, ನಿಜ. ಆದರೂ ಲಾಡಿ ಸಡಿಲಿಸಿ, ಅಗಲ ಪಟ್ಟಿ ಹೊಲಿಸಿಕೊಳ್ಳಿ, ವಾಸಿಯಾಗದ ಗಾಯವಿದ್ದರೆ ತೋರಿಸಿ.

ಇನ್ನು ನನಗೆ ನಿಜವಾಗಿ ಸಿಟ್ಟು ತರಿಸಿದ ವಿಷಯ. ದೇವದುರ್ಗ ತಾಲ್ಲೂಕಿನ ಶಾಲೆಯೊಂದರಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಬಸ್ಸಿಳಿದು ದಿನಾ ಎರಡು ಕಿಲೋಮೀಟರು ನಡೆಯುವವಳು. ಹೊಟ್ಟೆ ಮುಂದೆ ಬಂತು. ಮನೆಯವರು ವಯಸ್ಸಿನ ಕೊಬ್ಬು ಎಂದರು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತಿತ್ತು, ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತಿತ್ತು. ಒಬ್ಬ ಡಾಕ್ಟರು ಕೈಯಿಟ್ಟೂ ನೋಡದೆ ಗ್ಯಾಸಿನ ಗುಳಿಗೆ ಬರೆದು, "ವಾಕಿಂಗ್ ಮಾಡಮ್ಮ" ಎಂದು ಕಳಿಸಿದರು. ದಿನಾ ನಾಲ್ಕು ಕಿಲೋಮೀಟರು ನಡೆಯುವವಳಿಗೆ! ಎರಡು ವರ್ಷದ ಮೇಲೆ ಸ್ಕ್ಯಾನ್ ಮಾಡಿಸಿದಾಗ ಕಂಡದ್ದು ಅಂಡಾಶಯದಲ್ಲಿ ತೆಂಗಿನಕಾಯಿ ಗಾತ್ರದ ಗಡ್ಡೆ. ಪುಣ್ಯಕ್ಕೆ ಕ್ಯಾನ್ಸರಾಗಿರಲಿಲ್ಲ, ಆಪರೇಷನ್ ಆಗಿ ಚೆನ್ನಾಗಿದ್ದಾಳೆ. ಆ ಎರಡು ವರ್ಷ ಅವಳನ್ನು ತಡೆದದ್ದೇನು? "ಹೊಟ್ಟಿ ಬಂದದಂತ ದವಾಖಾನಿಗೆ ಹೋದ್ರ ನಗ್ತಾರಲ್ಲಕ್ಕ" ಎಂಬ ನಾಚಿಕೆ. ಆದ್ದರಿಂದ ಅಕ್ಕತಂಗಿಯರೇ, ಹೊಟ್ಟೆ ಬೇಗ ಬೇಗ ದೊಡ್ಡದಾದರೆ, ಒಂದು ಕಡೆ ಗಟ್ಟಿ ಹತ್ತಿದರೆ, ಉಬ್ಬರ ವಾರಗಟ್ಟಲೆ ಇಳಿಯದಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸ್ಕ್ಯಾನ್ ಮಾಡಿಸಿ. ಕೈಯಿಟ್ಟು ನೋಡದ ಡಾಕ್ಟರರಿಗೆ "ಮುಟ್ಟಿ ನೋಡ್ರಿ" ಎಂದು ಹೇಳುವ ಧೈರ್ಯ ಮಾಡಿ.

"ಹಾಗಾದರೆ ಹೊಟ್ಟೆಯನ್ನು ಅದರ ಪಾಡಿಗೆ ಬಿಡೋಣವೇ?" ಇಲ್ಲ, ಬಿಡಬಾರದು. ಕನ್ನಡಿಯನ್ನು ಬಿಡಿ, ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಬಿಗಿಯದೆ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರು, ಅಂದರೆ ಮೂವತ್ತೊಂದೂವರೆ ಇಂಚು ಮಿತಿ. ದಾಟಿದ್ದರೆ ಸಕ್ಕರೆ, ರಕ್ತದೊತ್ತಡ ನೋಡಿಸಿ. ಕೈಗೆ ಸಿಗುವ ಕೊಬ್ಬಿಗಿಂತ ಕರುಳಿನ ಸುತ್ತ ಕೂತ ಒಳಗಿನ ಕೊಬ್ಬು ಹೆಚ್ಚು ಅಪಾಯದ್ದು. ಸಮಾಧಾನದ ಸಂಗತಿಯೆಂದರೆ ನಡಿಗೆಗೂ ಪಥ್ಯಕ್ಕೂ ಬೇಗ ಬಗ್ಗುವುದು ಅದೇ. ಹೊರಗಿನ ಮಡಿಕೆ ಹಾಗೇ ಇದ್ದರೂ ಒಳಗೆ ನಿಮಗೆ ಲಾಭವಾಗಿರುತ್ತದೆ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ. ಎರಡು ದಿನ ಗೋಡೆಗೆ ಕೈಯೂರಿ ದಂಡ, ಕೈ ಹಚ್ಚದೆ ಕುರ್ಚಿಯಿಂದ ಎದ್ದು ಕೂರುವುದು. ಒಂದು ಹೊತ್ತು ಜೋಳದ ರೊಟ್ಟಿ, ಪುಂಡಿಪಲ್ಯ, ಗಟ್ಟಿ ಬೇಳೆ. ಚಹಾದ ಸಕ್ಕರೆ ಅರ್ಧ. ಏಳು ತಾಸು ನಿದ್ದೆ.

ಇದಕ್ಕೆಲ್ಲ ದುಡ್ಡು ಹೆಚ್ಚು ಬೇಡ, ಹೊತ್ತು ಬೇಕು. ಹೊತ್ತೇ ನಮ್ಮ ಬಳಿ ಇಲ್ಲದ್ದು. ಹೊಟ್ಟೆ ನೋಡಿ ನಗುವ ಮನೆಯವರು ದಿನಕ್ಕೆ ಅರ್ಧ ತಾಸು ನೀರು ತುಂಬಲಿ, ಡಬ್ಬಿ ಕಟ್ಟಲಿ. ನಾವು ಮಾವಿನ ಕೆರೆಯ ದಂಡೆಗೆ ಹೋಗಿ ನಡೆದು ಬರುತ್ತೇವೆ. ಅಷ್ಟನ್ನು ಕೊಡಲಾಗದವರಿಗೆ ನಮ್ಮ ಸೊಂಟದ ಬಗ್ಗೆ ಮಾತನಾಡುವ ಬಾಯಿಯೂ ಬೇಡ.

2021ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಬಿಸಿಯೂಟಕ್ಕೆ ಮೊಟ್ಟೆ ಬಂತು. ಮೊನ್ನೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಟ್ಟೆಯ ಮೊಟ್ಟೆಯನ್ನು ಪಕ್ಕದವಳ ತಟ್ಟೆಗೆ ಹಾಕುತ್ತಿದ್ದಳು. ಯಾಕೆಂದು ಕೇಳಿದೆ. "ಹೊಟ್ಟಿ ಬರ್ತದಂತ್ರೀ ಮೇಡಂ" ಎಂದಳು. ಮುಂಗೈ ನೋಡಿದರೆ ಬಳೆ ನಿಲ್ಲದಷ್ಟು ಸಣ್ಣ. ನಮಗೆ ನಾಚಿಕೆ ಕಲಿಸಿದವರನ್ನು ಬೈಯುವುದು ಸುಲಭ. ಆ ನಾಚಿಕೆಯನ್ನು ಇವಳಿಗೆ ದಾಟಿಸದಿರುವುದು ನಮ್ಮ ಕೈಯಲ್ಲೇ ಇದೆ.