ದರಕಿನ ಲೆಕ್ಕ ಬರೆಯುವವರಾರು?

ಸೊರಬದ ಕ್ಯಾಸನೂರು ಕಾಡಲ್ಲಿ ಮಂಗನ ಕಾಯಿಲೆ ಕಂಡದ್ದು 1957ರಲ್ಲಿ. ಇವತ್ತಿಗೂ ಸತ್ತ ಮಂಗ, ಉಣುಗು ಎಣಿಸಿ ‘ಕಾಡಿಗೆ ಹೋಗಬೇಡಿ’ ಅಂತಾರೆ. ಹೋಗದೆ ಏನು ಮಾಡೋಣ ಸ್ವಾಮಿ? ಕಾಯಿಲೆ ಏಳೋದು ಡಿಸೆಂಬರಿನಿಂದ ಮೇ ತನಕ. ಕಾಡಿನ ಒಣ ಎಲೆ, ನಮ್ಮ ದರಕು, ಉದುರೋದೂ ಆಗಲೇ. ದರಕಿಲ್ಲದೆ ಕೊಟ್ಟಿಗೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ಅಡಿಕೆ ತೋಟವಿಲ್ಲ. ಅಂಗಡಿ ಗೊಬ್ಬರ ತಂದರೆ ಸೊಸೈಟಿ ಸಾಲ ಏರುತ್ತದೆ. ಮೇವು ಕೊಳ್ಳಲಾಗದವನ ದನ ಕಾಡಿಗೇ ಹೋಗಿ ಉಣುಗು ಹೊತ್ತು ಬರುತ್ತದೆ.

2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತರು. ಅವರಿಗೇನು ಜೀವದ ಆಸೆ ಇರಲಿಲ್ಲವೆ? ರೋಗ ಎಲ್ಲಿ ಏಳುತ್ತದೆಂದು ನಕ್ಷೆ ಬರೆಯುವ ಪಂಡಿತರು ನಮ್ಮ ಸಾಲ, ಮೇವಿನ ದರವನ್ನೂ ಅದರಲ್ಲಿ ಬರೆಯಲಿ. ಬೇಡ ಎನ್ನುವ ಸರಕಾರ ಆ ಆರು ತಿಂಗಳ ಮೇವು, ಗೊಬ್ಬರ ಊರಿಗೆ ತಂದುಕೊಡಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನೇ ಕೇಳಿ.