ಕಾನ್ವೆಂಟಿನ ಆಪಲ್ಲೂ ಮಲೆನಾಡಿನ ಉಂಬಳವೂ

ಶಾಲೆಗೆ ಮಕ್ಕಳಿಲ್ಲ, ಮಕ್ಕಳಿಲ್ಲ ಎಂದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಯಾವ ಹಳ್ಳಿಗೆ ಹೋದರೂ ಒಂದೇ ರಾಗ. ಹಾಗಾದರೆ ಮಕ್ಕಳು ಎಲ್ಲಿ ಹೋದರು ಸ್ವಾಮಿ? ಬೆಳಿಗ್ಗೆ ಎಂಟು ಗಂಟೆಗೆ ರಸ್ತೆ ಬದಿಗೆ ನಿಂತು ನೋಡಿ, ಗೊತ್ತಾಗ್ತದೆ. ಹಳದಿ ವ್ಯಾನಿನಲ್ಲಿ ತೂಕಡಿಸುತ್ತಾ ಪೇಟೆಗೆ ಹೋಗ್ತಾ ಇದ್ದಾರೆ. ಮೂರೂವರೆ ವರ್ಷದ ಪೋರ, ಕುತ್ತಿಗೆಗೆ ಟೈ, ಬೆನ್ನಿಗೆ ಚೀಲ. ಹೋಗುವುದು ಎಲ್‌ಕೆಜಿಗೆ. ಹೀಗೆ ವ್ಯಾನು ಹತ್ತಿದ ಮಗು ಆರು ವರ್ಷವಾದ ಮೇಲೆ ಊರಿನ ಸರ್ಕಾರಿ ಶಾಲೆಗೆ ವಾಪಸು ಬರುವುದು ಅಪರೂಪ. ಒಂದನೇ ಕ್ಲಾಸಿನ ಹಾಜರಿ ಪುಸ್ತಕ ಖಾಲಿಯಾಗುವುದು ಒಂದನೇ ಕ್ಲಾಸಿನಲ್ಲಲ್ಲ, ಅದಕ್ಕೆ ಎರಡು ಮೂರು ವರ್ಷ ಮೊದಲೇ.

ಇದಕ್ಕೆ ತಂದೆತಾಯಿಯರನ್ನು ಬೈದು ಪ್ರಯೋಜನವಿಲ್ಲ. ಅವರು ಕೇಳುವುದು ಒಂದೇ ಪ್ರಶ್ನೆ: “ಅಂಗನವಾಡಿಯಲ್ಲಿ ಎಂಥ ಕಲಿಸ್ತಾರೆ ಮಾರಾಯ್ರೆ? ಊಟ ಹಾಕಿ ಮಲಗಿಸ್ತಾರೆ. ಪೇಟೆಗೆ ಹೋದರೆ ಎಬಿಸಿಡಿ ಆದರೂ ಬರ್ತದೆ.” ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವರು ಕಂಡುಕೊಂಡ ಉತ್ತರ ಅರ್ಧ ಸರಿ, ಅರ್ಧ ತಪ್ಪು.

ಮೊದಲು ಅಂಗನವಾಡಿಯ ಕತೆ ನೋಡೋಣ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ದೇಶದ 33 ಬ್ಲಾಕುಗಳಲ್ಲಿ. ನಮ್ಮ ರಾಜ್ಯದ ಮೊದಲ ಪಾಲು ಟಿ. ನರಸೀಪುರಕ್ಕೆ ಹೋಯಿತು. ಯೋಜನೆಯಲ್ಲಿ ಆರು ಸೇವೆಗಳು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಇವುಗಳ ಜೊತೆಗೆ ಶಾಲಾಪೂರ್ವ ಶಿಕ್ಷಣ. ಈ ಆರನ್ನೂ ಹೊರುವವರು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಮಗುವನ್ನು ತೂಗಬೇಕು, ಬಾಣಂತಿಯ ಲೆಕ್ಕ ಬರೀಬೇಕು, ಅದನ್ನೆಲ್ಲ ಮತ್ತೆ ಮೊಬೈಲಿಗೆ ತುಂಬಬೇಕು, ಸರ್ವೆ ಬಂದರೆ ಮನೆಮನೆಗೆ ಅಲೆಯಬೇಕು. ಇಷ್ಟೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಅಕ್ಷರ. ತಪ್ಪು ಆ ಅಕ್ಕನದ್ದಲ್ಲ, ಆರು ಮೂಟೆಯನ್ನು ಒಂದೇ ತಲೆಗೆ ಹೊರಿಸಿದವರದ್ದು.

ಸರ್ಕಾರಕ್ಕೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ ತೆರೆಯಲು ಹೊರಟಾಗ, ನಮ್ಮ ಮಕ್ಕಳನ್ನೆಲ್ಲ ಕಿತ್ತುಕೊಂಡರೆ ನಮ್ಮ ಗತಿಯೇನು ಎಂದು 2024ರ ಜೂನ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಮುಂದಿನ ತಿಂಗಳೇ ಬೆಂಗಳೂರಿನ 250 ಅಂಗನವಾಡಿಗಳಿಗೆ ‘ಸರ್ಕಾರಿ ಮಾಂಟೆಸರಿ’ ಎಂಬ ಹೆಸರು ಬಂತು. 2025ರ ಏಪ್ರಿಲ್‌ನಲ್ಲಿ ಇನ್ನೊಂದು ಗಲಾಟೆ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕು ಎಂಬ ನಿಯಮಕ್ಕೆ, ಬೇಗ ಎಲ್‌ಕೆಜಿಗೆ ಹಾಕಿದ್ದ ತಂದೆತಾಯಿಗಳು ಕಂಗಾಲಾದರು. ನಮ್ಮ ಜಿಲ್ಲೆಯ ಸೊರಬದವರೇ ಆದ ಶಿಕ್ಷಣ ಸಚಿವ ಮಧು ಬಂಗಾರಪ್ಪನವರು, ಯುಕೆಜಿ ಮುಗಿಸಿದ ಮಕ್ಕಳಿಗೆ ಐದು ವರ್ಷ ಐದು ತಿಂಗಳಾಗಿದ್ದರೂ ಸಾಕು ಎಂದು ಆ ಒಂದು ವರ್ಷದ ಮಟ್ಟಿಗೆ ಸಡಿಲಿಸಿದರು. ಬೋರ್ಡಿನ ಬಗ್ಗೆ, ವಯಸ್ಸಿನ ಬಗ್ಗೆ ಇಷ್ಟೆಲ್ಲ ಚರ್ಚೆ. ಮಗುವಿಗೆ ಏನು ಕಲಿಸುತ್ತೀರಿ ಎಂಬ ಬಗ್ಗೆ? ಗಪ್‌ಚುಪ್.

ಈಗ ಎಬಿಸಿಡಿ ವಿಷಯ. ನಮ್ಮ ‘ಕ’ಕ್ಕೆ ಹೆಸರೂ ಅದೇ, ಸದ್ದೂ ಅದೇ. ಇಂಗ್ಲಿಷಿನಲ್ಲಿ ಹಾಗಲ್ಲ. ‘ಸಿ’ ಅಂತ ಕರೆದ ಅಕ್ಷರ ‘ಕ್ಯಾಟ್’ನಲ್ಲಿ ‘ಕ’ ಅನ್ನುತ್ತದೆ. ‘ಎಚ್’ ಅಂತ ಕರೆದದ್ದು ‘ಹೆನ್’ನಲ್ಲಿ ‘ಹ’ ಆಗುತ್ತದೆ. ನಮ್ಮ ಪೋರ ಇಪ್ಪತ್ತಾರು ಹೆಸರನ್ನೂ ಒಂದೇ ಉಸಿರಿಗೆ ಒದರುತ್ತಾನೆ, ನೆಂಟರೆಲ್ಲ ಭೇಷ್ ಅನ್ನುತ್ತಾರೆ. ಆದರೆ ಮೂರಕ್ಷರದ ಒಂದು ಶಬ್ದ ಮುಂದಿಟ್ಟರೆ ಕಣ್ಣು ಕಣ್ಣು ಬಿಡುತ್ತಾನೆ. ಹೆಸರು ಬಂದಿದೆ, ಸದ್ದು ಬಂದಿಲ್ಲ. ಇಂಗ್ಲಿಷಿನ ತವರಾದ ಇಂಗ್ಲೆಂಡಿನಲ್ಲೇ ಅಕ್ಷರದ ಸದ್ದು ಕಲಿಸುವುದಕ್ಕೆ ಎಷ್ಟು ಬೆಲೆಯೆಂದರೆ, ಐದಾರು ವರ್ಷದ ಮಕ್ಕಳಿಗೆ 2012ರಿಂದ ಅದರದ್ದೇ ಒಂದು ಪರೀಕ್ಷೆ ನಡೆಯುತ್ತಿದೆ. ಫೀಸು ಕಟ್ಟುವವರು ಶಾಲೆಯವರನ್ನು ಇದೊಂದು ಮಾತು ಕೇಳಿ: ಹೆಸರು ಕಲಿಸ್ತೀರೋ, ಸದ್ದು ಕಲಿಸ್ತೀರೋ?

ಹಾಗಂತ ಕನ್ನಡ ಸುಲಭವೆಂದು ಬೀಗುವಂತಿಲ್ಲ. ನಮ್ಮಲ್ಲಿ ಸದ್ದು ನೇರ, ಆದರೆ ಸಂಖ್ಯೆ ಭಾರ. ವರ್ಣಮಾಲೆಯ 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ. ಅಕ್ಷರಗಳೆಲ್ಲ ಕೈವಶವಾಗಲು ಒಂದು ವರ್ಷ ಸಾಲದು, ಪ್ರೈಮರಿಯ ಮೂರು ನಾಲ್ಕನೇ ತರಗತಿಯವರೆಗೂ ಅದು ನಡೆದೇ ಇರುತ್ತದೆ. ಹಾಗಿರುವಾಗ ನಾಲ್ಕು ವರ್ಷದ ಮಗುವಿನ ಕೈಗೆ ಪೆನ್ಸಿಲ್ ತುರುಕಿ ಅ ಇಂದ ಳ ತನಕ ತಿದ್ದಿಸುವುದು ಯಾವ ನ್ಯಾಯ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ‘ನಲಿ-ಕಲಿ’ ಈ ಸಾಲನ್ನೇ ಮುರಿಯಿತು. ರ, ಗ, ಸ, ದ, ಅ ಎಂದು ಶುರು. ನಾಲ್ಕೈದು ಅಕ್ಷರ ಬಂದ ಕೂಡಲೇ ಮಗು ಸರ, ಗರಗಸ ಅಂತ ಓದಬಹುದು. ಸರ್ಕಾರಿ ಶಾಲೆಯ ಈ ಬುದ್ಧಿ ಕಾನ್ವೆಂಟಿಗೂ ಬರಲಿ.

ಅಕ್ಷರಕ್ಕಿಂತ ಮೊದಲು ಬರಬೇಕಾದ್ದು ಮಾತು. ಗೋಡೆಗೆ ನೇತುಹಾಕಿದ ಪಟ ನೋಡಿ: ಒ ಎಂದರೆ ಒಂಟೆ, ಋ ಎಂದರೆ ಋಷಿ, ಎ ಎಂದರೆ ಆಪಲ್. ನಿಟ್ಟೂರಿನ ಮಗು ಒಂಟೆ ಕಂಡಿದೆಯೇ? ಅದು ಕಂಡಿರುವುದು ಒಲೆ. ಉ ಅಂದರೆ ಉಡ ಯಾಕೆ, ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳ ಇಲ್ಲವೇ? ಸ ಅಂದರೆ ಸಂಕ, ಸಗಣಿ. ಹ ಅಂದರೆ ಹಲಸು. ಜ ಅಂದರೆ ಜಗಲಿ. ಗ ಅಂದರೆ ಗದ್ದೆ. ಅ ಅಂದರೆ ಅಡಿಕೆ ಅಂತ ಬೇರೆ ಹೇಳಬೇಕೆ! ಗೊತ್ತಿರುವ ವಸ್ತುವಿನ ಹೆಸರನ್ನು ಬಾಯಲ್ಲಿ ಆಡಿಸಿ, ಅದರ ಮೊದಲ ಸದ್ದನ್ನು ಕಿವಿಯಿಂದ ಹಿಡಿಯುವುದು ಮೊದಲ ಪಾಠ. ಆಮೇಲೆ ಅಕ್ಷರದ ಆಕಾರ. ನಮ್ಮ ಮೂರು ತಾಲ್ಲೂಕುಗಳಲ್ಲಿ ಹವ್ಯಕರದ್ದೊಂದು ಕನ್ನಡ, ದೀವರದ್ದೊಂದು ಕನ್ನಡ, ಜೊತೆಗೆ ಕೊಂಕಣಿ, ಉರ್ದು, ಆಗುಂಬೆ ಕಡೆ ತುಳು. ಇಂಥ ಮಗುವಿಗೆ ಮನೆಮಾತಿನಿಂದಲೇ ಶುರುಮಾಡಿ ಎಂದು 2020ರ ರಾಷ್ಟ್ರೀಯ ನೀತಿಯೂ, 2022ರ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಹೇಳಿವೆ. ಕಾಗದದಲ್ಲಿ ಎಲ್ಲವೂ ಇದೆ.

ಹಾಗಾದರೆ ಆಗಬೇಕಾದ್ದು ಏನು? ಒಂದು, ದಿನಕ್ಕೆ ಎರಡು ಗಂಟೆ ಅಂಗನವಾಡಿ ಕಾರ್ಯಕರ್ತೆಗೆ ಮಕ್ಕಳ ಪಾಠ ಬಿಟ್ಟು ಬೇರೆ ಯಾವ ಕೆಲಸವನ್ನೂ ಹೇಳಬಾರದು. ಎರಡು, ನಮ್ಮ ತಾಲ್ಲೂಕಿನ ವಸ್ತುಗಳದ್ದೇ ಅಕ್ಷರ ಪಟ ಮಾಡಿಸಬೇಕು. ಪಂಚಾಯ್ತಿ ಮನಸ್ಸು ಮಾಡಿದರೆ ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಮೂರು, ಒಂದು ಮನೆಗೂ ಇನ್ನೊಂದಕ್ಕೂ ಗುಡ್ಡ, ಹಳ್ಳ ಅಡ್ಡ ಇರುವ ಶರಾವತಿ ಹಿನ್ನೀರಿನ ಊರುಗಳಿಗೆ ಬಯಲುಸೀಮೆಯ ತಲೆಲೆಕ್ಕ ಹಾಕಬಾರದು. ಮಳೆಗಾಲದಲ್ಲಿ ಮೂರು ವರ್ಷದ ಮಗು ಸಂಕ ದಾಟಿ ಬರಲಾರದು.

ಉಳಿದದ್ದು ನಮ್ಮ ಕೈಲೇ ಇದೆ. ಅಂಗಡಿಯವರೇ, ಅಪ್ಪನ ಕೈಹಿಡಿದು ಬಂದ ಮಗುವಿಗೆ ಚಾಕಲೇಟು ಕೊಡುವಾಗ ‘ಬೆಲ್ಲ ಯಾವುದು, ಬೆಂಕಿಪೆಟ್ಟಿಗೆ ಯಾವುದು, ಎರಡಕ್ಕೂ ಮೊದಲು ಬರೋ ಸದ್ದು ಎಂಥದು’ ಅಂತ ಕೇಳಿ. ಬಸ್ಸಿಗೆ ಕಾಯುವವರೇ, ಬೋರ್ಡಿನಲ್ಲಿ ‘ಸಾಗರ’ದ ‘ಗ’ ಎಲ್ಲಿದೆ, ‘ಹೊಸನಗರ’ದಲ್ಲಿ ಅದೇ ‘ಗ’ ಎಲ್ಲಿದೆ ಅಂತ ಮಗುವಿನ ಹತ್ತಿರ ಹುಡುಕಿಸಿ. ಇದಕ್ಕೆ ಡೊನೇಶನ್ ಇಲ್ಲ, ಟೈ ಬೇಡ, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಯೂ ಇಲ್ಲ.