ದೇಶದ ಶೋಕ, ಮನೆಯ ಕಾಗದ

ದೊಡ್ಡ ನಾಯಕನೊಬ್ಬ ಹಠಾತ್ತನೆ ತೀರಿಕೊಂಡಾಗ ಅವನ ಹೆಂಡತಿಯ ದುಃಖವೂ ದೇಶದ ಸೊತ್ತಾಗಿಬಿಡುತ್ತದೆ. ಆ ದಿನಗಳಲ್ಲಿ ಆಕೆ ಬರೆದ ಕಾಗದಗಳೂ ದೇಶಕ್ಕೆ ಸೇರಬೇಕೆ? ಚರಿತ್ರೆಯ ಹೆಸರಿನಲ್ಲಿ ಹೌದೆನ್ನುವವರ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ.

ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಕೊಲೆಯಾದದ್ದು 1963ರ ನವೆಂಬರ್ 22ರಂದು. ಡಿಸೆಂಬರ್ 1ರಂದು, ಇನ್ನೂ ಶ್ವೇತಭವನದಲ್ಲಿದ್ದಾಗಲೇ, ಅವರ ಪತ್ನಿ ಜಾಕ್ವೆಲಿನ್ ಸೋವಿಯತ್ ನಾಯಕ ಕ್ರುಶ್ಚೇವ್‌ಗೆ ಪತ್ರ ಬರೆದರು. ಯುದ್ಧ ಹೊತ್ತಿಸುವವರು ದೊಡ್ಡವರಿಗಿಂತ ಹೆಚ್ಚಾಗಿ ಸಣ್ಣವರು ಎಂಬ ಅಳುಕು ತಮ್ಮ ಗಂಡನಿಗಿತ್ತು ಎಂದು ಅದರಲ್ಲಿ ತಿಳಿಸಿದರು. ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಕಳೆದು ಆಗಿನ್ನೂ ವರ್ಷವಷ್ಟೇ. ಬರೆದವಳು ವಿಧವೆಯಾದರೂ ಅದು ರಾಜತಾಂತ್ರಿಕ ಪತ್ರವೇ. ಅಮೆರಿಕದ ವಿದೇಶಾಂಗ ಇಲಾಖೆ ಅದನ್ನು ತನ್ನ ದಾಖಲೆ ಸಂಪುಟದಲ್ಲಿ ಅಚ್ಚುಹಾಕಿದ್ದು ಸರಿಯಾಗಿಯೇ ಇದೆ.

ಡಬ್ಲಿನ್‌ನ ವೃದ್ಧ ಪಾದ್ರಿ ಜೋಸೆಫ್ ಲೆನಾರ್ಡ್‌ಗೆ ಆಕೆ 1950ರಿಂದಲೂ ಬರೆದ ಪತ್ರಗಳ ಮಾತೇ ಬೇರೆ. ಗಂಡ ಸತ್ತ ಮೇಲಿನ ಪತ್ರದಲ್ಲಿ ದೇವರ ಮೇಲಿನ ಸಿಟ್ಟೂ ಇತ್ತು. 2014ರಲ್ಲಿ, ಪತ್ರಗಳು ಉಳಿದಿದ್ದ ಆಲ್ ಹ್ಯಾಲೋಸ್ ಕಾಲೇಜು ಆ ಕಂತೆಯನ್ನು ಹರಾಜಿಗಿಡಲು ಹೊರಟು, ಕೊನೆಗೆ ಹಿಂತೆಗೆದುಕೊಂಡಿತು. ಆದರೇನು, ಅಷ್ಟರಲ್ಲಿ ಪತ್ರಿಕೆಗಳು ತಿರುಳನ್ನೆಲ್ಲ ಪ್ರಕಟಿಸಿಯಾಗಿತ್ತು. ಅದೇ ಮಾತನ್ನು ಪಾಪನಿವೇದನೆಯಲ್ಲಿ ಹೇಳಿದ್ದರೆ ಚರ್ಚಿನ ಕಟ್ಟಳೆ ಅದನ್ನು ಕಾಯುತ್ತಿತ್ತು. ಪತ್ರಕ್ಕಿರುವ ಕಾನೂನು ವಿಚಿತ್ರ: ಹಾಳೆ ಪಡೆದವರದು, ಬರಹದ ಹಕ್ಕು ಬರೆದವರ ವಾರಸುದಾರರದು.

ಆ ವಿಧವೆಯ ಅಲುಗಾಡದ ಮುಖದ ಹಿಂದಿನ ನಿಜ ತಿಳಿಯಲು ಇಂಥ ಪತ್ರಗಳು ಬೇಕೆನ್ನುತ್ತಾರೆ. ಆದರೆ ಜಾಕ್ವೆಲಿನ್ ಮೂಕರಾಗಿರಲಿಲ್ಲ. ಕೊಲೆಯಾದ ಒಂದೇ ವಾರಕ್ಕೆ ಪತ್ರಕರ್ತ ಥಿಯೊಡೋರ್ ವೈಟ್‌ರನ್ನು ಕರೆಸಿ, ಗಂಡನ ಆಳ್ವಿಕೆಯನ್ನು ರಾಜ ಆರ್ಥರ್‌ನ ಕ್ಯಾಮೆಲಾಟ್‌ಗೆ ಹೋಲಿಸಿ, ಲೈಫ್ ಪತ್ರಿಕೆಗೆ ಕಥೆ ಕೊಟ್ಟವರು ಅವರೇ. (ಆ ಕಥೆಯನ್ನು ಒರೆಗೆ ಹಚ್ಚಲಿ, ಯಾರು ಬೇಡವೆಂದರು?) ಜನರಿಗೆ ಏನು ಹೇಳಬೇಕು, ಪಾದ್ರಿಗೆ ಏನು ಹೇಳಬೇಕು ಎಂಬುದನ್ನು ಬಲ್ಲವರ ಆಯ್ಕೆಯನ್ನು ಸಾವಿನ ನೆಪದಲ್ಲಿ ಅಳಿಸುವುದು ಕುತೂಹಲ, ಸಂಶೋಧನೆಯಲ್ಲ.

ಈ ಪ್ರಶ್ನೆ ಹೊಸದಲ್ಲ. ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಅವರ ದೇಹವನ್ನು ರಾಜಧಾನಿಯಲ್ಲಿ ಹೂಳಬೇಕೆಂದು ಕಾಂಗ್ರೆಸ್ ಕೇಳಿತು. ಪತ್ನಿ ಮಾರ್ಥಾ ನೋವಿನಿಂದಲೇ ಒಪ್ಪಿದರು. ದೇಹ ಕೊನೆಗೂ ಅವರ ಮನೆ ಮೌಂಟ್ ವರ್ನನ್ ಬಿಟ್ಟು ಕದಲಲಿಲ್ಲ, ಅದು ಬೇರೆ ಮಾತು. ಆದರೆ ದಂಪತಿಗಳ ಪತ್ರವ್ಯವಹಾರವನ್ನು ಆಕೆ ಸುಟ್ಟರು, ಉಳಿದದ್ದು ಬೆರಳೆಣಿಕೆಯಷ್ಟು. ಚರಿತ್ರೆಕಾರರು ಇಂದಿಗೂ ಹಳಹಳಿಸುತ್ತಾರೆ. ನಷ್ಟವೇನೋ ನಿಜ, ಆದರೆ ಸುಡುವ ಹಕ್ಕು ಆಕೆಗಿತ್ತು.